ಕಾಮಿಕ್ಸ್ ಬಿಡಿಸೋದಾ, ಪತ್ತೇದಾರಿ ಬರೆಯೋದಾ? ಕಾಸರಗೋಡಿನ ಕಡೆಯವರಿಗೊಂದು ಹೋಲಿಕೆ

ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯದ ಕಡೆ ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳಲ್ಲಿ ಎರಡು ಥರದವರು ಸಿಗುತ್ತಾರೆ. ಪಾಠ ಪುಸ್ತಕದ ಅಂಚು ತುಂಬ ಚಿತ್ರ ಬಿಡಿಸುವವರು ಒಂದು ಕಡೆ. ನೋಟ್ಸಿನ ಕೊನೇ ಪುಟದಿಂದ ಶುರು ಮಾಡಿ ಕೊಲೆ, ದೆವ್ವ, ನಿಧಿಯ ಕತೆ ಬರೆಯುವವರು ಇನ್ನೊಂದು ಕಡೆ. ಎರಡನ್ನೂ ಮಾಡುವವರೂ ಇದ್ದಾರೆ. ಈ ಬರಹ ಮುಖ್ಯವಾಗಿ ಅವರಿಗೆ, ಯಾಕೆಂದರೆ ಪ್ಲಸ್ ಟು ಅಥವಾ ಡಿಗ್ರಿ ಮುಗಿದ ಮೇಲೆ ಎರಡಕ್ಕೂ ಸಮ ಸಮ ಸಮಯ ಕೊಡಲು ಆಗುವುದಿಲ್ಲ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇದರಿಂದಲೇ ಹೊಟ್ಟೆಪಾಡು ನಡೆಯಬೇಕು ಅಂತಿದ್ದರೆ ಚಿತ್ರದ ಕಡೆ ಹೋಗಿ. ಬೇರೊಂದು ಸಂಬಳ ಇದೆ, ಇಲ್ಲವೇ ಪಿಎಸ್‌ಸಿ ಬರೆದು ಒಂದು ಕೆಲಸ ಹಿಡಿಯುವ ಯೋಚನೆ ಇದೆ ಅಂತಾದರೆ ಕಾದಂಬರಿ ಬರೆಯಿರಿ. ಯಾರಿಗೆ ಪ್ರತಿಭೆ ಜಾಸ್ತಿ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡು ಕೆಲಸಗಳ ದಿನಚರಿ ಬೇರೆ, ಹಣ ಬರುವ ರೀತಿ ಬೇರೆ, ಅದಕ್ಕಿಂತ ಮುಖ್ಯವಾಗಿ ಗಡಿ ದಾಟುವ ಶಕ್ತಿ ಬೇರೆ.

ಗಡಿಯ ಮಾತಿನಿಂದಲೇ ಶುರು ಮಾಡೋಣ, ನಮ್ಮ ಊರೇ ಗಡಿಯಲ್ಲಿದೆಯಲ್ಲ.

ಚಿತ್ರ ದಾಟುತ್ತದೆ, ಬರಹ ನಿಲ್ಲುತ್ತದೆ

ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ ಗೊತ್ತಲ್ವಾ? ಅವನು ಮಲಯಾಳದ ಡಿಂಕನ್. ಚಿತ್ರ ಅದೇ, ಹಾರುವ ಭಂಗಿ ಅದೇ, ಮಾತಿನ ಬಲೂನಿನೊಳಗಿನ ಅಕ್ಷರ ಮಾತ್ರ ಕನ್ನಡ. ಅಮರ ಚಿತ್ರ ಕಥೆಯದೂ ಇದೇ ಕತೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅದನ್ನು 1967ರಲ್ಲಿ ಮುಂಬೈಯಿಂದ ಶುರು ಮಾಡಿದರು. ರಾಮ್ ವಾಯಿರ್ಕರ್, ಪ್ರತಾಪ್ ಮುಳಿಕ್ ಥರದವರು ಬಿಡಿಸಿದ ಪುಟಗಳು ಹತ್ತಾರು ಭಾಷೆಗೆ ಹೋದವು. ಚಿತ್ರ ಮತ್ತೆ ಬಿಡಿಸಬೇಕಾಗಲಿಲ್ಲ. ತಮಿಳುನಾಡಿನ ಶಿವಕಾಶಿಯಲ್ಲಿ ಮುತ್ತು ಕಾಮಿಕ್ಸ್, ಲಯನ್ ಕಾಮಿಕ್ಸ್ ಹೊರಡಿಸುವವರು ಇವತ್ತಿಗೂ ಇಟಲಿ, ಬೆಲ್ಜಿಯಂನ ಚಿತ್ರಗಳಿಗೆ ತಮಿಳು ಮಾತು ಕೂರಿಸಿ ಮಾರುತ್ತಾರೆ. ಓದುಗರೂ ಕಾದು ಕೂತು ಕೊಳ್ಳುತ್ತಾರೆ.

ಅಂದರೆ ಬದಿಯಡ್ಕದಲ್ಲಿ ಕೂತು ಬಿಡಿಸಿದ ಒಂದು ಪುಟಕ್ಕೆ ಬೆಂಗಳೂರು, ಕೊಚ್ಚಿ, ಚೆನ್ನೈ, ಅಮೆರಿಕ ಎಲ್ಲವೂ ಮಾರುಕಟ್ಟೆ. ಮಲಯಾಳದ ಮಕ್ಕಳ ಪತ್ರಿಕೆಗೆ ಚಿತ್ರ ಕಳಿಸಲು ನಿಮ್ಮ ಮಲಯಾಳ ವ್ಯಾಕರಣ ಶುದ್ಧ ಇರಬೇಕಿಲ್ಲ. ಸ್ಕ್ರಿಪ್ಟ್ ಓದಿ ಅರ್ಥ ಮಾಡಿಕೊಂಡರೆ ಸಾಕು. ಅದು ನಮಗೆ ಹೇಗೂ ಬರುತ್ತದೆ. ಬೆಂಗಳೂರಿನ ಚಿತ್ರಗಾರನಿಗೆ ಇಲ್ಲದ ಒಂದು ಅನುಕೂಲ ಇದು.

ಕಾದಂಬರಿಗೆ ಈ ಭಾಗ್ಯ ಇಲ್ಲ. ಕನ್ನಡದಲ್ಲಿ ಬರೆದದ್ದು ಕನ್ನಡದಲ್ಲೇ ಇರುತ್ತದೆ, ಒಬ್ಬ ಅನುವಾದಕ ಕೂತು ಮೊದಲ ಸಾಲಿನಿಂದ ಮತ್ತೆ ಬರೆಯುವ ತನಕ. ಯಂಡಮೂರಿ ವೀರೇಂದ್ರನಾಥ್ ತೆಲುಗಿನಿಂದ ಕನ್ನಡಕ್ಕೆ ಬಂದು ಇಲ್ಲಿನವರೇ ಆದರು, ನಿಜ. ಆದರೆ ಹಾಗೆ ದಾಟಿದವರನ್ನು ಬೆರಳಲ್ಲಿ ಎಣಿಸಬಹುದು. ಮಾಟ, ಮಂತ್ರ, ಸಸ್ಪೆನ್ಸ್ ಬರೆಯುವ ಕನ್ನಡದವರು ಮಲಯಾಳಕ್ಕೋ ತಮಿಳಿಗೋ ಹೋದದ್ದಂತೂ ಇನ್ನೂ ಕಡಿಮೆ.

ಕಾಸರಗೋಡಿನ ಬರಹಗಾರರಿಗೆ ಇನ್ನೊಂದು ತೊಡಕಿದೆ. ಕೇರಳದ ಪ್ರಕಾಶಕರಿಗೆ ನಾವು ಕನ್ನಡದವರು, ಬೆಂಗಳೂರಿನವರಿಗೆ ಕೇರಳದವರು. ಪುಸ್ತಕ ಬಿಡುಗಡೆ, ಬಹುಮಾನ, ಸಂದರ್ಶನ ಎಲ್ಲ ಅಲ್ಲೆಲ್ಲೋ ನಡೆಯುತ್ತದೆ, ನಾವು ರಾತ್ರಿ ರೈಲು ಹತ್ತಬೇಕು. ಬಹುಮಾನದ ಪ್ರಕಟಣೆಗಳಲ್ಲಿ 'ಕರ್ನಾಟಕದ ಲೇಖಕರಿಗೆ ಮಾತ್ರ' ಅಂತಿದೆಯಾ, ಗಡಿನಾಡು-ಹೊರನಾಡಿನವರಿಗೂ ಅವಕಾಶ ಇದೆಯಾ ಅಂತ ಮೊದಲು ಓದಿ. ಆಮೇಲೆ ಹಸ್ತಪ್ರತಿಗೆ ಸ್ಪೈರಲ್ ಬೈಂಡಿಂಗ್ ಮಾಡಿಸಿ.

ಹಣ ಹೇಗೆ ಬರುತ್ತದೆ

ಕಾಮಿಕ್ಸ್‌ನಲ್ಲಿ ಲೆಕ್ಕ ಪುಟಕ್ಕೆ ಇಷ್ಟು ಅಂತ. ಪೆನ್ಸಿಲಿಂಗ್, ಇಂಕಿಂಗ್, ಕಲರಿಂಗ್, ಲೆಟರಿಂಗ್ (ಬಲೂನಿನಲ್ಲಿ ಮಾತು ಕೂರಿಸುವುದು) ನಾಲ್ಕನ್ನೂ ನೀವೇ ಮಾಡುತ್ತೀರಾ, ಒಂದನ್ನು ಮಾತ್ರವಾ ಅನ್ನುವುದರ ಮೇಲೆ ರೇಟು. ಅಮೆರಿಕದ ತಿಂಗಳ ಕಾಮಿಕ್ಸ್ 20ರಿಂದ 22 ಪುಟ ಇರುತ್ತದೆ. ಅಲ್ಲಿನ ವೃತ್ತಿಪರರು ದಿನಕ್ಕೊಂದು ಪುಟ ಪೆನ್ಸಿಲ್ ಮಾಡುವ ವೇಗ ಇಟ್ಟುಕೊಂಡಿರುತ್ತಾರೆ. ನೀವು ಒಂದು ಪುಟಕ್ಕೆ ಎಷ್ಟು ಗಂಟೆ ತಗೊಳ್ಳುತ್ತೀರಿ ಅಂತ ಗಡಿಯಾರ ನೋಡಿ ಬರೆದಿಡಿ. ರೇಟು ಒಪ್ಪುವ ಮುಂಚೆ ಭಾಗಿಸಿ ನೋಡಿ. ಪುಟಕ್ಕೆ 12 ಗಂಟೆ ಹಿಡಿಯುತ್ತದೆ, 1500 ರೂಪಾಯಿ ಕೊಡುತ್ತಾರೆ ಅಂದರೆ ಗಂಟೆಗೆ 125 ರೂಪಾಯಿ. ಅಡಿಕೆ ಮರ ಹತ್ತುವವರು ನಿಮ್ಮ ಲೆಕ್ಕ ಕೇಳಿ ನಗುತ್ತಾರೆ. ಬೇಡ ಅಂತಲ್ಲ, ಶುರುವಿನಲ್ಲಿ ಒಪ್ಪಿಕೊಳ್ಳಬೇಕಾಗಬಹುದು. ಆದರೆ ಗೊತ್ತಿದ್ದು ಒಪ್ಪಿಕೊಳ್ಳಿ.

ಒಳ್ಳೆಯ ವಿಷಯ ಏನೆಂದರೆ ಅದೇ ಕೈ ಬೇರೆ ಕೆಲಸಕ್ಕೂ ಬರುತ್ತದೆ. ಸಿನಿಮಾ, ಜಾಹೀರಾತಿನ ಸ್ಟೋರಿಬೋರ್ಡ್ (ಶೂಟಿಂಗ್‌ಗೆ ಮುಂಚೆ ದೃಶ್ಯಗಳನ್ನು ಬಿಡಿಸಿಡುವುದು), ಗೇಮ್ ಕಂಪನಿಗಳ ಕ್ಯಾರೆಕ್ಟರ್ ಡಿಸೈನ್, ಪಠ್ಯಪುಸ್ತಕದ ಚಿತ್ರ, ಅನಿಮೇಷನ್ ಸ್ಟುಡಿಯೋ, ಮಕ್ಕಳ ಪುಸ್ತಕ. ಕಾಮಿಕ್ಸ್ ಕೈಬಿಟ್ಟರೂ ಪೆನ್ಸಿಲ್ ಬಿಡಬೇಕಿಲ್ಲ. ಚಂದಮಾಮದ ಕಾಲದಲ್ಲಿ ಇನ್ನೂ ಗಟ್ಟಿಯಾದ ಒಂದು ವ್ಯವಸ್ಥೆ ಇತ್ತು, ತಿಂಗಳ ಸಂಬಳ. ವಿಕ್ರಮ-ಬೇತಾಳದ ಆ ಪ್ರಸಿದ್ಧ ಚಿತ್ರ ಬಿಡಿಸಿದ ಶಂಕರ್ 1950ರ ದಶಕದಿಂದ ಹಲವು ದಶಕ ಅಲ್ಲೇ ಇದ್ದರು. ಈಗ ಪತ್ರಿಕೆಗಳಲ್ಲಿ ಅಂಥ ಕುರ್ಚಿಗಳು ಬಹಳ ಕಡಿಮೆ.

ಇನ್ನು ಕಾದಂಬರಿ. ಪುಸ್ತಕದ ಬೆಲೆ 200 ರೂಪಾಯಿ, ರಾಯಲ್ಟಿ ನೂರಕ್ಕೆ ಹತ್ತು, ಅಚ್ಚಾದ ಪ್ರತಿಗಳು ಒಂದು ಸಾವಿರ ಅಂತ ಇಟ್ಟುಕೊಳ್ಳಿ. ಎಲ್ಲ ಖರ್ಚಾದರೆ ನಿಮಗೆ 20,000. ಖರ್ಚಾಗಲು ಎಷ್ಟು ದಿನ ಅಂತ ಕೇಳಬೇಡಿ. ಎಷ್ಟೋ ಸಲ ರಾಯಲ್ಟಿ ಬದಲು ಗೌರವ ಪ್ರತಿಗಳ ಕಟ್ಟು ಬರುತ್ತದೆ. ನನಗೂ ಒಂದು ಅನುವಾದಕ್ಕೆ ಹಾಗೆ ಬಂದಿತ್ತು. ಆ ಪ್ರತಿಗಳನ್ನು ಮದುವೆಗಳಲ್ಲಿ ಉಡುಗೊರೆಯಾಗಿ ಕೊಟ್ಟು ಮುಗಿಸಿದೆ. ಸುಧಾ, ತರಂಗದಂಥ ವಾರಪತ್ರಿಕೆಯಲ್ಲಿ ಧಾರಾವಾಹಿಯಾದರೆ ಸಂಭಾವನೆ ಬರುತ್ತದೆ, ಹೆಸರೂ ಆಗುತ್ತದೆ. ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಹಾಕಿ ಓದುಗರನ್ನು ಕಟ್ಟಿಕೊಳ್ಳುವವರಿದ್ದಾರೆ. ಅಲ್ಲಿ ದೆವ್ವದ ಕತೆಗೂ ಪ್ರೇಮ ಕತೆಗೂ ಬೇಡಿಕೆ ಇದೆ, ಪ್ರತಿ ಕಂತಿನ ಕೊನೆಗೆ ಓದುಗರನ್ನು ಮುಂದಿನ ಕಂತಿಗೆ ಎಳೆಯುವ ಒಂದು ಕೊಕ್ಕೆ ಹಾಕಲು ಬರಬೇಕು ಅಷ್ಟೆ. ನಾಲ್ಕು ವರ್ಷದ ಹಳೆಯ ಕಾದಂಬರಿ ಒಂದು ದಿನ ಇದ್ದಕ್ಕಿದ್ದಂತೆ ಆಡಿಯೋ ಪುಸ್ತಕ ಆಗಬಹುದು, ಸಿನಿಮಾದವರು ಫೋನ್ ಮಾಡಬಹುದು. ಕಾದಂಬರಿಯ ದೊಡ್ಡ ಹಣ ಬಂದರೆ ಹೀಗೆ, ಒಂದೇ ಸಲ, ಕೇಳದೆ. ಅದನ್ನು ನಂಬಿ ಬ್ಯಾಂಕಿನ ಕಂತು ಕಟ್ಟಲು ಆಗುವುದಿಲ್ಲ.

ಹಾಗಾದರೆ ಪತ್ತೇದಾರಿ ಬರೆದೇ ಬದುಕಿದವರು ಇಲ್ಲವಾ? ಇದ್ದಾರೆ, ಆದರೆ ಅವರ ಅಂಕಿ ನೋಡಿದರೆ ತಲೆ ತಿರುಗುತ್ತದೆ. ಪತ್ತೇದಾರ ಪುರುಷೋತ್ತಮನನ್ನು ಹುಟ್ಟಿಸಿದ ಎನ್. ನರಸಿಂಹಯ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದವರು. ಕೊಯಮತ್ತೂರಿನ ರಾಜೇಶ್ ಕುಮಾರ್ ತಮಿಳಿನಲ್ಲಿ 1500 ದಾಟಿದ್ದಾರೆ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತಿಂಗಳಿಗೊಂದು ಪಾಕೆಟ್ ಕಾದಂಬರಿ ತೂಗಿ ಹಾಕುತ್ತಿದ್ದ ಕಾಲದ ವೇಗ ಅದು. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ತೂಗುತ್ತಿದೆ.

ಉಳಿದವರಿಗೆಲ್ಲ ಬೇರೆ ಕೆಲಸ ಇತ್ತು, ಒಬ್ಬೊಬ್ಬರನ್ನೇ ನೋಡಿ. ತಮಿಳಿನ ಸುಜಾತಾ ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರ್, ಮತಯಂತ್ರದ ಕೆಲಸದಲ್ಲೂ ಅವರ ಕೈ ಇತ್ತು. ಯಂಡಮೂರಿ ಚಾರ್ಟರ್ಡ್ ಅಕೌಂಟೆಂಟ್. ಕೋಟ್ಟಯಂ ಪುಷ್ಪನಾಥ್ ಶಾಲಾ ಮೇಷ್ಟ್ರು. ಟಿ.ಡಿ. ರಾಮಕೃಷ್ಣನ್ ರೈಲ್ವೆಯಲ್ಲಿ. ನಮ್ಮ ಕೆ.ಎನ್. ಗಣೇಶಯ್ಯ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿ. ಪಾಠ ಮಾಡುತ್ತ, ಸಂಶೋಧನೆ ಮಾಡುತ್ತಲೇ ಇತಿಹಾಸದ ಒಗಟುಗಳ ಮೇಲೆ ರೋಚಕ ಕಾದಂಬರಿ ಬರೆದರು. ಆ ಕೆಲಸದಿಂದ ಅವರ ಬರವಣಿಗೆಗೆ ನಷ್ಟ ಆಗಲಿಲ್ಲ, ಸರಕು ಸಿಕ್ಕಿತು. ಕನ್ನಡ ಬಲ್ಲ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆ ಟೀಚರ್, ಸಹಕಾರಿ ಬ್ಯಾಂಕಿನ ಗುಮಾಸ್ತ, ಪಂಚಾಯತ್ ಕಚೇರಿಯ ಕ್ಲರ್ಕ್, ಇವರಷ್ಟು ಊರಿನ ಒಳಗುಟ್ಟು ಯಾರಿಗೆ ಗೊತ್ತಿರುತ್ತದೆ ಹೇಳಿ? ಜಾಗದ ತಕರಾರು, ಸಾಲದ ಜಾಮೀನು, ಗಲ್ಫಿನಿಂದ ಬಂದ ಹಣ, ಇವೆಲ್ಲ ಪತ್ತೇದಾರಿಗೆ ಬೇಕಾದ ಅಕ್ಕಿ-ಬೇಳೆ.

ಚಿತ್ರಗಾರನಿಗೆ ಹೀಗೆ ಎರಡು ದೋಣಿಯಲ್ಲಿ ಕಾಲಿಡುವುದು ಕಷ್ಟ. ದಿನಕ್ಕೆ 500 ಪದ ಬರೆದರೆ ನಾಲ್ಕು ತಿಂಗಳಲ್ಲಿ 60,000 ಪದದ ಕಾದಂಬರಿಯ ಮೊದಲ ಕರಡು ಆಗುತ್ತದೆ. ಬೆಳಗ್ಗೆ ಒಂದು ಗಂಟೆ ಸಾಕು. ಅದೇ ಒಂದು ಗಂಟೆಯಲ್ಲಿ 100 ಪುಟದ ಕಾಮಿಕ್ಸ್ ಬಿಡಿಸಲು ಹೊರಟರೆ, ಪುಟಕ್ಕೆ 12 ಗಂಟೆಯ ಲೆಕ್ಕದಲ್ಲಿ, ಮೂರು ವರ್ಷ ದಾಟುತ್ತದೆ. ಅಷ್ಟರಲ್ಲಿ ಮೊದಲ ಪುಟದ ಚಿತ್ರ ನಿಮಗೇ ನಾಚಿಕೆ ತರುತ್ತದೆ, ಮತ್ತೆ ಬಿಡಿಸೋಣ ಅನಿಸುತ್ತದೆ.

ಕಲಿಯುವುದು

ಚಿತ್ರಕ್ಕೆ ದಾರಿ ಸ್ಪಷ್ಟ ಇದೆ. ಶಾಲಾ ಕಲೋತ್ಸವದಲ್ಲೇ ಕಾರ್ಟೂನ್ ಸ್ಪರ್ಧೆ ಇದೆ, ಅಲ್ಲಿಂದ ಶುರು. ಆಮೇಲೆ ಮಂಗಳೂರಿನ ಮಹಾಲಸಾ, ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಕೇರಳದಲ್ಲೇ ಆದರೆ ತ್ರಿಶೂರಿನ ಫೈನ್ ಆರ್ಟ್ಸ್ ಕಾಲೇಜು. ನಾಲ್ಕು ವರ್ಷದ ಡಿಗ್ರಿ. ಅಲ್ಲಿ ಕಾಮಿಕ್ಸ್ ಅಂತಲೇ ಹೇಳಿಕೊಡುತ್ತಾರೆ ಅಂದುಕೊಳ್ಳಬೇಡಿ, ಅಂಗರಚನೆ, ಪರ್ಸ್ಪೆಕ್ಟಿವ್, ಬಣ್ಣ ಕಲಿಸುತ್ತಾರೆ. ಒಂದು ಪ್ಯಾನೆಲ್‌ನಿಂದ (ಚಿತ್ರದ ಚೌಕದಿಂದ) ಇನ್ನೊಂದಕ್ಕೆ ಕಣ್ಣು ಹೇಗೆ ಜಾರಬೇಕು ಅನ್ನುವುದನ್ನು ನೀವೇ ಕಾಮಿಕ್ಸ್ ಓದಿ ಕಲಿಯಬೇಕು. ಬೆಂಗಳೂರಿಗೆ ಹೋದಾಗ ಎಂ.ಜಿ. ರಸ್ತೆ ಹತ್ತಿರದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ನೋಡಿ ಬನ್ನಿ. ಮಲಯಾಳ ಓದಲು ಬರುವವರು ಜಿ. ಅರವಿಂದನ್ ಮಾತೃಭೂಮಿ ವಾರಪತ್ರಿಕೆಯಲ್ಲಿ 1961ರಿಂದ 1973ರವರೆಗೆ ಬಿಡಿಸಿದ ಚಿತ್ರ ಸರಣಿಯನ್ನು ಹುಡುಕಿ ಓದಿ. ಆಗ ಅವರು ರಬ್ಬರ್ ಬೋರ್ಡಿನಲ್ಲಿ ನೌಕರಿಯಲ್ಲಿದ್ದರು, ಆಮೇಲೆ ಸಿನಿಮಾ ನಿರ್ದೇಶಕರಾದರು. ವಾರಕ್ಕೊಂದು ಪುಟದ ಸ್ಟ್ರಿಪ್ ಆದರೆ ನೌಕರಿ ಜೊತೆಗೂ ಸಾಗುತ್ತದೆ ಅನ್ನುವುದಕ್ಕೆ ಅವರೇ ಸಾಕ್ಷಿ.

ಬರೆಯುವುದಕ್ಕೆ ಕಾಲೇಜು ಬೇಡ. ಕನ್ನಡ ಎಂ.ಎ. ಮಾಡಿದರೆ ಕೆಟ್ಟದ್ದೇನಲ್ಲ, ಆದರೆ ಅಲ್ಲಿ ಪತ್ತೇದಾರಿಯನ್ನು ಒಂದು ಹಗುರ ನಗೆಯ ಜೊತೆ ಬದಿಗಿಡುವುದು ಜಾಸ್ತಿ. ತೇಜಸ್ವಿಯವರ 'ಜುಗಾರಿ ಕ್ರಾಸ್' ಥ್ರಿಲ್ಲರ್ ಅಲ್ಲದೆ ಮತ್ತೇನು ಅಂತ ಕೇಳಿದರೆ ಮಾತು ಬದಲಾಯಿಸುತ್ತಾರೆ. ಮಲಯಾಳದಲ್ಲಿ ಈಚೆಗೆ ಲಾಜೋ ಜೋಸ್ ಥರದವರಿಂದ ಅಪರಾಧ ಕಾದಂಬರಿಗೆ ಮತ್ತೆ ಜೀವ ಬಂದಿದೆ. ಎರಡೂ ಭಾಷೆ ಓದುವ ನಮ್ಮವರು ಅದನ್ನು ನೋಡಿ ಕಲಿಯಬಹುದು. ಕನ್ನಡಕ್ಕೆ ತರುವ ಅನುವಾದದ ಕೆಲಸವೂ ಇದೆ, ಹಣ ಕಡಿಮೆ, ಆದರೆ ಕತೆಯ ಎಲುಬುಗೂಡು ಬಿಚ್ಚಿ ನೋಡಲು ಅದಕ್ಕಿಂತ ಒಳ್ಳೆಯ ತರಗತಿ ಇಲ್ಲ.

ಅಕ್ಷರ ಕೂರಿಸುವ ಗೋಳು

ಕನ್ನಡದಲ್ಲೇ ಕಾಮಿಕ್ಸ್ ಮಾಡುತ್ತೇನೆ ಅನ್ನುವವರು ಇದನ್ನು ತಪ್ಪದೆ ಓದಿ. ಕನ್ನಡ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಪದಗಳೂ ಉದ್ದ, 'ಹೋಗಬೇಕಾಗಿತ್ತಲ್ಲವೇ' ಅನ್ನುವುದನ್ನು ಒಂದು ಸಣ್ಣ ಬಲೂನಿನಲ್ಲಿ ಹಾಕಿ ನೋಡಿ. ಇಂಗ್ಲಿಷ್ ಬಲೂನಿನ ಅಳತೆಗೆ ಚಿತ್ರ ಬಿಡಿಸಿದರೆ ಕೊನೆಗೆ ಬಲೂನು ನಾಯಕನ ಮುಖ ಮುಚ್ಚುತ್ತದೆ. ಆದ್ದರಿಂದ ಮೊದಲು ಮಾತು ಟೈಪ್ ಮಾಡಿ ಪುಟದ ಮೇಲೆ ಇಡಿ, ಆಮೇಲೆ ಚಿತ್ರ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಟೆಕ್ಸ್ಟ್ ಎಂಜಿನ್ ಆರಿಸಿಕೊಳ್ಳದಿದ್ದರೆ ಯೂನಿಕೋಡ್ ಒತ್ತಕ್ಷರ ಒಡೆದುಹೋಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದರೆ ಮುಂದೆ ವೆಬ್‌ಗೆ ಹಾಕುವಾಗ ಮತ್ತೆ ತಲೆನೋವು. ಕ್ರಿಟಾ (Krita) ಎನ್ನುವ ಉಚಿತ ಸಾಫ್ಟ್‌ವೇರ್ ಚಿತ್ರ ಬಿಡಿಸಲು ಧಾರಾಳ ಸಾಕು, ಶುರುವಿನಲ್ಲಿ ಸಾಲ ಮಾಡಿ ಐಪ್ಯಾಡ್ ತರಬೇಡಿ. ಕಾದಂಬರಿ ಬರೆಯುವವರಿಗೆ ಈ ಯಾವ ಗೋಳೂ ಇಲ್ಲ, ಫೋನೊಂದು ಸಾಕು. ಬಸ್ಸಿನಲ್ಲಿ ನಿಂತು ಅಧ್ಯಾಯ ಟೈಪ್ ಮಾಡುವವರನ್ನು ನೋಡಿದ್ದೇನೆ.

ಊರಿನ ಸರಕು

ಇದರಲ್ಲಿ ಎರಡೂ ಕಡೆ ನಾವು ಶ್ರೀಮಂತರು. ಬೇಕಲದ ಕೋಟೆ, ಅನಂತಪುರ ದೇವಸ್ಥಾನದ ಸರೋವರದಲ್ಲಿ 2022ರ ತನಕ ಇದ್ದ ಮೊಸಳೆ ಬಬಿಯಾ, ಯಕ್ಷಗಾನದ ಬಣ್ಣದ ವೇಷ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ ಎಲ್ಲ ಒಂದೇ ಬಸ್ಸಿನಲ್ಲಿ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ದೈವ, ತೆಯ್ಯಂ ಇಲ್ಲಿ ಬರೀ ಸರಕಲ್ಲ, ನಂಬಿಕೆ. ಕಾದಂಬರಿಯಲ್ಲಿ ಕತ್ತಲಲ್ಲಿ ಗಗ್ಗರದ (ದೈವದ ಕಾಲಿನ ಗೆಜ್ಜೆಯ) ಸದ್ದು ಕೇಳಿಸಿತು ಅಂತ ಬರೆದು ಉಳಿದದ್ದನ್ನು ಓದುಗನ ತಲೆಗೆ ಬಿಡಬಹುದು. ಕಾಮಿಕ್ಸ್‌ನಲ್ಲಿ ಮುಖ ಬಿಡಿಸಲೇಬೇಕು. ಯಾವ ದೈವದ ಬಣ್ಣ, ಯಾವ ಮುಡಿ ಅಂತ ತಿಳಿದವರು ತಕ್ಷಣ ಗುರುತು ಹಿಡಿಯುತ್ತಾರೆ, ಅದನ್ನು ಖಳನಾಯಕ ಮಾಡಿದರೆ ಮನೆ ಬಾಗಿಲಿಗೆ ಜನ ಬರುತ್ತಾರೆ. ನಿಜವಾದ ಒಂದನ್ನು ನಕಲು ಮಾಡದೆ ಹೊಸತೊಂದನ್ನು ಕಟ್ಟಿ, ಬಿಡಿಸುವ ಮುಂಚೆ ಕಟ್ಟುಪಾಡು ಗೊತ್ತಿರುವ ಹಿರಿಯರೊಬ್ಬರಿಗೆ ತೋರಿಸಿ.

ಊರಿನವರ ಬಿಟ್ಟಿ ಕೆಲಸದ ಬಗ್ಗೆಯೂ ಹೇಳಬೇಕು. ಚಿತ್ರ ಬರುತ್ತದೆ ಅಂತ ಗೊತ್ತಾದರೆ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ, ಕ್ಲಬ್ಬಿನ ಬ್ಯಾನರ್, ಶಾಲೆಯ ಗೋಡೆ ಎಲ್ಲ ನಿಮ್ಮ ತಲೆ ಮೇಲೆ. "ಅರ್ಧ ಗಂಟೆಯ ಕೆಲಸ ಅಲ್ವಾ ಮಾರಾಯಾ!" ಬರಹಗಾರನಿಗೆ ಸ್ಮರಣ ಸಂಚಿಕೆಯ ಲೇಖನ, ಸನ್ಮಾನ ಪತ್ರದ ಒಕ್ಕಣೆ. ಬರಹಗಾರ ಅರ್ಧ ಗಂಟೆಯಲ್ಲಿ ಪಾರಾಗುತ್ತಾನೆ, ಚಿತ್ರಗಾರನ ಎರಡು ದಿನ ಹೋಗುತ್ತದೆ.

ಸಹಿ ಹಾಕುವ ಮುಂಚೆ

ಇಲ್ಲಿ ಕಾದಂಬರಿಕಾರ ಸ್ವಲ್ಪ ಮೇಲೆ. ಪಾತ್ರ, ಕತೆ ಎಲ್ಲ ಸಾಮಾನ್ಯವಾಗಿ ಅವನ ಹೆಸರಿನಲ್ಲೇ ಉಳಿಯುತ್ತದೆ. ಕಾಮಿಕ್ಸ್‌ನಲ್ಲಿ ಹಕ್ಕು ಕಂಪನಿಗೆ ಹೋಗುವುದೇ ಹೆಚ್ಚು. 1938ರಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಸೂಪರ್‌ಮ್ಯಾನ್‌ನ ಮೊದಲ ಕತೆಯನ್ನು ಹಕ್ಕು ಸಮೇತ 130 ಡಾಲರಿಗೆ ಕೊಟ್ಟರು. 13 ಪುಟ, ಪುಟಕ್ಕೆ 10 ಡಾಲರ್. ಬರೆದವರೂ ಪಾರಾಗಿಲ್ಲ. ಬ್ಯಾಟ್‌ಮ್ಯಾನ್ ಕಟ್ಟುವಲ್ಲಿ ದೊಡ್ಡ ಪಾಲಿದ್ದ ಬಿಲ್ ಫಿಂಗರ್ 1974ರಲ್ಲಿ ತೀರಿಕೊಂಡರು, ಅಧಿಕೃತವಾಗಿ ಹೆಸರು ಸೇರಿದ್ದು 2015ರಲ್ಲಿ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಇದರಲ್ಲಿ ಅಷ್ಟು ಕೆಟ್ಟದ್ದಲ್ಲ. ಸಂಬಳದ ಕೆಲಸದಲ್ಲಿ ಮಾಡಿದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆತನ ಕಂಪನಿಯದ್ದು. ಹೊರಗಿನಿಂದ ಫ್ರೀಲಾನ್ಸ್ ಮಾಡಿ ಕೊಟ್ಟ ಕಾದಂಬರಿ, ಕಾಮಿಕ್ಸ್ ಪುಟದ ಹಕ್ಕು ಸಾಮಾನ್ಯವಾಗಿ ನಿಮ್ಮದೇ, ಲಿಖಿತವಾಗಿ ಸಹಿ ಹಾಕಿ ಕೊಡುವ ತನಕ ಅದು ಬೇರೆಯವರದ್ದಾಗುವುದಿಲ್ಲ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ, ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಪ್ರಕಾಶಕರು ಕೊಡುವ ಪತ್ರದಲ್ಲಿ 'ಎಲ್ಲ ಹಕ್ಕು, ಎಲ್ಲ ಮಾಧ್ಯಮ, ಶಾಶ್ವತವಾಗಿ' ಅಂತಿದ್ದರೆ ಆ ಸಾಲು ಹೊಡೆದು ಹಾಕಿ ಮಾತಾಡಿ. ಚಿತ್ರಗಾರರಾದರೆ, ಮೂಲ ಚಿತ್ರದ ಹಾಳೆಯನ್ನು ಪ್ರಕಾಶಕರು ವಾಪಸ್ ಕೊಡಬೇಕು ಅಂತ ಸೇರಿಸಿ. ಬರಹಗಾರರು ಸಿನಿಮಾ, ಆಡಿಯೋ, ಅನುವಾದದ ಹಕ್ಕನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಎಐ ಬಗ್ಗೆ ಎರಡು ಮಾತು. ಅಗ್ಗದ ಮುಖಪುಟದ ಚಿತ್ರ, ಅಗ್ಗದ ಕಂತಿನ ಕತೆ ಎರಡಕ್ಕೂ ಅದು ಕೈಹಾಕಿದೆ. ಒಂದೇ ಪಾತ್ರ 40 ಪುಟದಲ್ಲಿ ಬೇರೆ ಬೇರೆ ಕೋನದಿಂದ ಒಂದೇ ಥರ ಕಾಣುವಂತೆ ಬಿಡಿಸುವುದು, ಮುಳ್ಳೇರಿಯದ ಸಂತೆಯಲ್ಲಿ ಜನ ಮಾತಾಡುವ ಹಾಗೆ ಮಾತು ಬರೆಯುವುದು, ಈ ಎರಡರಲ್ಲಿ ಬಲ ಬೆಳೆಸಿಕೊಳ್ಳಿ.

ಇನ್ನೂ ನಿರ್ಧಾರ ಆಗದಿದ್ದರೆ

ಒಂದೇ ಕತೆಯನ್ನು ಎರಡು ಥರ ಮಾಡಿ ನೋಡಿ. ಎಂಟು ಪುಟದ ಕಾಮಿಕ್ಸ್ ಮತ್ತು 3000 ಪದದ ಕತೆ. ಯಾವುದು ಚೆನ್ನಾಗಿದೆ ಅಂತ ನೆಂಟರನ್ನು ಕೇಳಬೇಡಿ, ಅವರು ಚಿತ್ರವನ್ನೇ ಹೊಗಳುತ್ತಾರೆ, ಕತೆ ಓದಿರುವುದಿಲ್ಲ. ಐದನೇ ಪುಟದ ಹಿನ್ನೆಲೆಯ ಹಂಚಿನ ಮಾಡು ಬಿಡಿಸುವಾಗ ಬೇಜಾರು ಬಂತಾ, ಇಲ್ಲ ಬರೆದ ಕತೆಯನ್ನು ಮೂರನೇ ಸಲ ತಿದ್ದುವಾಗ ಬಂತಾ ಅಂತ ಗಮನಿಸಿ. ಹಂಚು ಬಿಡಿಸಲು ಬೇಜಾರು, ಆದರೆ ಪ್ಯಾನೆಲ್ ಯೋಚಿಸಲು ಖುಷಿ ಅಂತಾದರೆ ಕಾಮಿಕ್ಸ್‌ಗೆ ಸ್ಕ್ರಿಪ್ಟ್ ಬರೆಯುವ ಮೂರನೇ ದಾರಿಯೂ ಇದೆ. ಅದಕ್ಕೆ ಒಳ್ಳೆಯ ಚಿತ್ರಗಾರ ಗೆಳೆಯ ಅಥವಾ ಗೆಳತಿ ಬೇಕು, ದುಡ್ಡಿನ ಪಾಲು ಮೊದಲೇ ಬರೆದಿಡಬೇಕು.

ಕಳಿಸುವಾಗ ಚಿತ್ರದವರು ಚಂದದ ಒಂಟಿ ಪೋಸ್ಟರ್ ಕಳಿಸಬೇಡಿ, ಕತೆ ಹೇಳುವ ಐದಾರು ಪುಟ ಒಂದರ ಹಿಂದೊಂದು ಕಳಿಸಿ. ಅದರಲ್ಲಿ ಒಂದಾದರೂ ಇಬ್ಬರು ಸುಮ್ನೆ ಕೂತು ಮಾತಾಡುವ ಪುಟ ಇರಲಿ, ಹೊಡೆದಾಟ ಎಲ್ಲರೂ ಬಿಡಿಸುತ್ತಾರೆ. ಕಾದಂಬರಿಯವರು ಮೊದಲ ಮೂರು ಅಧ್ಯಾಯ, ಜೊತೆಗೆ ಒಂದು ಪುಟದ ಸಾರಾಂಶ ಕಳಿಸಿ. ಸಾರಾಂಶದಲ್ಲಿ ಕೊಲೆ ಮಾಡಿದ್ದು ಯಾರು ಅಂತ ಬರೆದುಬಿಡಿ. 'ಮುಂದೇನಾಯಿತು, ಕಾದಂಬರಿ ಓದಿ' ಅಂತ ಬರೆದವರ ಕಟ್ಟು ಬಿಚ್ಚದೆ ಉಳಿಯುತ್ತದೆ.